ಚಿಂತೆಯೂ ಇದೆ, ಸಂತೆಯೂ ಇದೆ: ಗಲ್ಫ್ ದುಡಿಮೆಗಾರರಿಗೆ ಒಳ್ಳೆಯ ನಿದ್ದೆಗಾಗಿ ಸಂಜೆಯ ರೂಢಿಗಳು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನೋದು ಊರಿನ ಗಾದೆ. ಗಲ್ಫಿನಲ್ಲಿ ದುಡಿಯುವವರ ಕಷ್ಟ ಏನೆಂದರೆ, ಇಲ್ಲಿ ಚಿಂತೆಯೂ ಇದೆ, ಸಂತೆಯೂ ಇದೆ. ಒಂದು ರೂಮಿನಲ್ಲಿ ಆರು ಮಂದಿ, ಆರು ಬಗೆಯ ಡ್ಯೂಟಿ, ಆರು ಮೊಬೈಲು. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಅಡುಗೆಗೆ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಮತ್ತೊಬ್ಬರ ಅಲಾರಂ ಬೆಳಗಿನ ಜಾವ ಮೂರೂವರೆಗೇ ಹೊಡೆಯುತ್ತದೆ. ಅದರ ಜೊತೆಗೆ ಸಾಲದ ಕಂತು, ಮಗಳ ಶಾಲೆ ಫೀಸು, ಅಪ್ಪನ ಆಸ್ಪತ್ರೆ, ವೀಸಾ ರಿನ್ಯೂವಲ್. ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಇವೆಲ್ಲ ಸಾಲಾಗಿ ಎದುರು ನಿಲ್ಲುತ್ತವೆ.

ನಿದ್ದೆ ಬರೋದು ಬಿಡೋದು ನಮ್ಮ ಕೈಯಲ್ಲಿಲ್ಲ ಅಂತ ಹಲವರು ತಿಳಿದಿದ್ದಾರೆ. ಇದು ಅರ್ಧ ಮಾತ್ರ ನಿಜ. ಒತ್ತಾಯ ಮಾಡಿ ನಿದ್ದೆ ತರಿಸಲು ಆಗುವುದಿಲ್ಲ. ಆದರೆ ಮಲಗುವ ಮುಂಚಿನ ಎರಡು ಮೂರು ಗಂಟೆಯಲ್ಲಿ ಏನು ತಿನ್ನುತ್ತೇವೆ, ಏನು ಕುಡಿಯುತ್ತೇವೆ, ಏನು ನೋಡುತ್ತೇವೆ, ಯಾರ ಜೊತೆ ಏನು ಮಾತಾಡುತ್ತೇವೆ ಎಂಬುದರ ಮೇಲೆ ಆ ರಾತ್ರಿಯ ನಿದ್ದೆ ಬಹಳಷ್ಟು ನಿಂತಿರುತ್ತದೆ. ಕ್ಯಾಂಪಿನಲ್ಲಿ, ಬೆಡ್‌ಸ್ಪೇಸಿನಲ್ಲಿ, ಫ್ಯಾಮಿಲಿ ಫ್ಲ್ಯಾಟಿನಲ್ಲಿ ಇರುವವರಿಗೆಲ್ಲ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ನಿದ್ದೆ ಕಡಿಮೆಯಾದರೆ ಏನು ನಷ್ಟ?

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎನ್ನುವುದು ತಜ್ಞ ವೈದ್ಯರ ಸಾಮಾನ್ಯ ಸಲಹೆ. 'ನನಗೆ ಐದು ಗಂಟೆ ಸಾಕು, ಅಭ್ಯಾಸ ಆಗಿದೆ' ಎನ್ನುವವರಲ್ಲಿ ಹೆಚ್ಚಿನವರಿಗೆ ಅಭ್ಯಾಸ ಆಗಿರುವುದು ಸುಸ್ತಿನಲ್ಲಿ ಓಡಾಡುವುದು ಮಾತ್ರ. ಕೈ ನಿಧಾನ ಆಗಿರುತ್ತದೆ, ಗಮನ ತಪ್ಪುತ್ತಿರುತ್ತದೆ. ಅದು ಅವರಿಗೇ ಗೊತ್ತಾಗುವುದಿಲ್ಲ.

ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೆಳಗಿನ ಜಾವ 4ಕ್ಕೆ ಎದ್ದವರಿಗೆ ರಾತ್ರಿ 9 ಆದಾಗ ಹದಿನೇಳು ಗಂಟೆ ತುಂಬಿತು. ಓವರ್‌ಟೈಮ್ ಮುಗಿಸಿ ಆ ಹೊತ್ತಿಗೆ ಪಿಕಪ್ ಓಡಿಸುವ ಡ್ರೈವರ್ ಒಂದು ತೊಟ್ಟು ಕುಡಿಯದಿದ್ದರೂ ಅಪಾಯದ ಅಂಚಿನಲ್ಲಿ ಇರುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 110 ಮೀಟರ್ ಯಾರ ಹಿಡಿತವೂ ಇಲ್ಲದೆ ಓಡಿರುತ್ತದೆ. ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತವರು, ಕ್ರೇನ್ ಆಪರೇಟರ್, ಕಟ್ಟಿಂಗ್ ಮಷಿನ್ ಹಿಡಿದವರು, ಇಂಜೆಕ್ಷನ್ ಲೆಕ್ಕ ಹಾಕುವ ನರ್ಸ್ ಎಲ್ಲರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದು ಒಂದು ರಾತ್ರಿಯ ಮಾತಾಯಿತು. ವರ್ಷಗಟ್ಟಲೆ ನಿದ್ದೆ ಕೆಟ್ಟರೆ ಬಿಪಿ, ಶುಗರ್, ತೂಕ ಏರುವ ಸಂಭವ ಹೆಚ್ಚು. ಸಿಟ್ಟು ಬೇಗ ಬರುತ್ತದೆ. ಬೇಸಿಗೆಯ ಬಿಸಿಲಲ್ಲಿ ಕೆಲಸ ಮಾಡುವವರಿಗೆ ನಿದ್ದೆಗೆಟ್ಟ ಮೈ ಸೆಕೆಯನ್ನು ತಾಳಿಕೊಳ್ಳುವುದೂ ಕಷ್ಟ.

ದೇಹದ ಒಳಗಿನ ಗಡಿಯಾರ

ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟು ಹೊತ್ತು ಮೈಯಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಹಸಿವು. ಇನ್ನೊಂದು, ಮೆದುಳಿನೊಳಗಿನ ಗಡಿಯಾರ. ಸುಮಾರು 24 ಗಂಟೆಗೆ ಒಂದು ಸುತ್ತು ಹಾಕುವ ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಿಗ್ಗೆ ಕಣ್ಣಿಗೆ ಬೆಳಕು ಬಿದ್ದಾಗ ಅದು 'ಹಗಲು ಶುರು' ಎಂದು ಲೆಕ್ಕ ಹಿಡಿಯುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಮೈಯ ಒಳಗಿನ ಉಷ್ಣತೆ ಸ್ವಲ್ಪ ಇಳಿಯುತ್ತದೆ, ಕಣ್ಣು ಎಳೆಯುತ್ತದೆ. ರಾತ್ರಿ ಹತ್ತಕ್ಕೆ ಟ್ಯೂಬ್‌ಲೈಟ್ ಉರಿಯುತ್ತಾ, ಮುಖದ ಹತ್ತಿರ ಮೊಬೈಲ್ ಇದ್ದರೆ ಆ ಗಡಿಯಾರಕ್ಕೆ ಇನ್ನೂ ಹಗಲೇ. ಹಾಗಾಗಿ ಸಂಜೆಯ ತಯಾರಿ ಅಂದ್ರೆ ಮುಖ್ಯವಾಗಿ ಮೂರು ಕೆಲಸ: ಬೆಳಕು ತಗ್ಗಿಸುವುದು, ಮೈ ತಂಪು ಮಾಡುವುದು, ಮನಸ್ಸಿನ ಓಟ ನಿಧಾನ ಮಾಡುವುದು.

ಒಂದು ಸಂಜೆಯ ಲೆಕ್ಕ

ಬೆಳಿಗ್ಗೆ 5ಕ್ಕೆ ಕಂಪೆನಿ ಬಸ್ ಹೊರಡುತ್ತದೆ, ಏಳಬೇಕಾದ್ದು 4.15ಕ್ಕೆ ಎಂದಿಟ್ಟುಕೊಳ್ಳಿ. 7 ಗಂಟೆ ನಿದ್ದೆ ಬೇಕಾದರೆ 9.15ಕ್ಕೆ ಕಣ್ಣು ಮುಚ್ಚಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸಂಜೆ ಹೀಗೆ ಕೂಡಿಬರುತ್ತದೆ:

ಮಧ್ಯಾಹ್ನ 2.00: ದಿನದ ಕೊನೆಯ ಚಹಾ ಅಥವಾ ಕಾಫಿ.

ಸಂಜೆ 6.15: ರೂಮಿಗೆ ಬಂದು ಬಟ್ಟೆ ಬದಲಿಸುವುದು, ಅಡುಗೆ ಸರದಿ ಇದ್ದವರು ಒಲೆ ಹಚ್ಚುವುದು.

6.45: ಊಟ.

7.15: ಮನೆಗೆ ಫೋನು.

8.00: ಸ್ನಾನ. ನಾಳೆಯ ಯೂನಿಫಾರ್ಮ್, ಸೇಫ್ಟಿ ಶೂ, ಐಡಿ ಕಾರ್ಡ್, ನೀರಿನ ಬಾಟಲಿ ಒಂದೆಡೆ ಇಡುವುದು.

8.30: ದೊಡ್ಡ ಲೈಟ್ ಆಫ್. ಮೊಬೈಲ್ ಚಾರ್ಜಿಗೆ, ಕೈಗೆ ಸುಲಭವಾಗಿ ಸಿಗದ ಜಾಗದಲ್ಲಿ.

9.00: ಹಾಸಿಗೆ.

ಸಮಯ ಹಿಂದೆ ಮುಂದೆ ಆಗಬಹುದು. ಅಂಗಡಿ, ಕೆಫೆಟೀರಿಯಾ, ಸಲೂನ್‌ನಲ್ಲಿ ಇರುವವರಿಗೆ ಈ ಪಟ್ಟಿ ರಾತ್ರಿ 11ಕ್ಕೆ ಶುರುವಾಗಬಹುದು. ಕ್ರಮ ಮಾತ್ರ ದಿನಾ ಒಂದೇ ಇರಲಿ. ಒಂದೇ ಕ್ರಮದಲ್ಲಿ ದಿನಾ ನಡೆದರೆ ಕೆಲವು ವಾರಗಳಲ್ಲಿ ಮೈ ತಾನೇ ಗುರುತು ಹಿಡಿಯುತ್ತದೆ. ಸ್ನಾನ ಆಯ್ತು, ಬಟ್ಟೆ ಎತ್ತಿಟ್ಟಾಯ್ತು, ಇನ್ನು ಮಲಗುವ ಹೊತ್ತು ಅಂತ.

ಸ್ನಾನದ ಬಗ್ಗೆ ಒಂದು ಮಾತು. ಮಲಗುವ ಒಂದೆರಡು ಗಂಟೆ ಮುಂಚೆ ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಮಿಂದರೆ ನಿದ್ದೆ ಬೇಗ ಬರುತ್ತದೆ. ಬಿಸಿ ನೀರಿಗೆ ಕೈಕಾಲಿನ ರಕ್ತನಾಳ ಹಿಗ್ಗುತ್ತದೆ, ಆಮೇಲೆ ಮೈಯ ಒಳಗಿನ ಶಾಖ ಹೊರಗೆ ಹೋಗುತ್ತದೆ. ಗಲ್ಫಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿ ನೀರೇ ಕುದಿಯುವ ಹಾಗಿರುತ್ತದೆ, ಹೀಟರ್ ಬೇಡ. ಮೈ ಸುಡುವಷ್ಟಿದ್ದರೆ ಮುಂಚೆಯೇ ಬಕೆಟ್‌ನಲ್ಲಿ ಹಿಡಿದಿಟ್ಟು ಆರಿಸಿಕೊಳ್ಳಬೇಕು. ಬಾತ್‌ರೂಮಿಗೆ ಕ್ಯೂ ಇದ್ದು ಸ್ನಾನ ಆಗದಿದ್ದರೆ ಮುಖ, ಕತ್ತು, ಕೈಕಾಲು ತೊಳೆದರೂ ಹಾಯೆನಿಸುತ್ತದೆ.

ಚಹಾ, ಊಟ, ನೀರು

ಕರಕ್ ಚಾಯ್ ಇಲ್ಲದೆ ಗಲ್ಫಿನ ದಿನ ಸಾಗದು. ಬೆಳಿಗ್ಗೆ ಕುಡಿಯಲು ಅಡ್ಡಿ ಏನಿಲ್ಲ. ಕಷ್ಟ ಇರುವುದು ಸಂಜೆ ಆರರ, ರಾತ್ರಿ ಒಂಬತ್ತರ ಚಹಾದಲ್ಲಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಪಾಲು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಆ ರಾತ್ರಿಯ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. 250 ಮಿ.ಲೀ. ಎನರ್ಜಿ ಡ್ರಿಂಕಿನ ಒಂದು ಕ್ಯಾನ್‌ನಲ್ಲಿ ಸುಮಾರು 80 ಮಿಲಿಗ್ರಾಂ ಇರುತ್ತದೆ. ಓವರ್‌ಟೈಮಿಗೆ ಎರಡು ಕ್ಯಾನ್, ನಡುವೆ ಎರಡು ಕರಕ್, ಸಂಜೆ ಒಂದು ಪೆಪ್ಸಿ. ಲೆಕ್ಕ ಕೂಡಿಸಿದರೆ ರಾತ್ರಿ ಕಣ್ಣು ಮುಚ್ಚದಿರಲು ಬೇರೆ ಕಾರಣ ಬೇಕಿಲ್ಲ. 'ಚಹಾ ಕುಡಿದರೂ ನನಗೆ ನಿದ್ದೆ ಬರುತ್ತೆ' ಎನ್ನುವವರಿಗೆ ನಿದ್ದೆ ಬರುತ್ತದೆ, ಆದರೆ ತೆಳುವಾಗಿ ಬರುತ್ತದೆ.

ಸಂಜೆ ಏನಾದರೂ ಬಿಸಿಬಿಸಿ ಕುಡಿಯಲೇಬೇಕು ಅನಿಸಿದರೆ ಜೀರಿಗೆ ಕಷಾಯ, ಕೊತ್ತಂಬರಿ-ಜೀರಿಗೆ ಕಾಫಿ, ಅರಿಶಿನ ಹಾಕಿದ ಹಾಲು ಇದೆ. ಊರಿಂದ ಬರುವವರ ಹತ್ತಿರ ಕಷಾಯ ಪುಡಿ ತರಿಸಿಕೊಳ್ಳುವ ರೂಢಿ ಮಂಗಳೂರು, ಉಡುಪಿ, ಉತ್ತರ ಕನ್ನಡದವರಿಗೆ ಇದ್ದೇ ಇದೆ. ಅದರಲ್ಲಿ ಚಹಾ ಪುಡಿ ಬೆರೆಸದಿದ್ದರೆ ಆಯ್ತು.

ಊಟ ಮಲಗುವ ಎರಡು ಮೂರು ಗಂಟೆ ಮುಂಚೆ ಮುಗಿದಿರಬೇಕು. ಹತ್ತೂವರೆಗೆ ಎಣ್ಣೆ ತೇಲುವ ಬಿರಿಯಾನಿ ಉಂಡು ಹತ್ತು ಮುಕ್ಕಾಲಿಗೆ ಅಡ್ಡಾದರೆ ಎದೆಯುರಿ, ಹುಳಿತೇಗು ಗ್ಯಾರಂಟಿ. ಡ್ಯೂಟಿ ತಡವಾಗಿ ಮುಗಿಯುವವರು ದೊಡ್ಡ ಊಟವನ್ನು ಸಂಜೆ ಬ್ರೇಕಿನಲ್ಲೇ ಮಾಡಿ, ರೂಮಿಗೆ ಬಂದ ಮೇಲೆ ಹಗುರವಾಗಿ ಏನಾದರೂ ತಿನ್ನಬಹುದು. ಕುಚ್ಚಲಕ್ಕಿ ಗಂಜಿ-ಚಟ್ನಿ, ಮೊಸರನ್ನ, ಖುಬೂಸ್ ಜೊತೆ ಸ್ವಲ್ಪ ಬೇಳೆ, ಒಂದು ಬಾಳೆಹಣ್ಣು ಸಾಕು. ಎದೆಯುರಿ ಇರುವವರಿಗೆ ಎಡ ಮಗ್ಗುಲಲ್ಲಿ ಮಲಗಿದರೆ ಕಡಿಮೆಯಾಗುತ್ತದೆ.

ನೀರನ್ನು ಮಾತ್ರ ಕಡಿಮೆ ಮಾಡಬಾರದು. ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತೆ, ಬಾತ್‌ರೂಮ್ ದೂರ ಇದೆ ಎಂದು ನೀರು ಬಿಟ್ಟರೆ ಬಿಸಿಲಿನ ಕೆಲಸದವರಿಗೆ ಮೂತ್ರದ ಕಲ್ಲು ಕಾದಿರುತ್ತದೆ. ಹಗಲು ಮತ್ತು ಸಂಜೆ ಚೆನ್ನಾಗಿ ಕುಡಿದು, ಕೊನೆಯ ಒಂದು ಗಂಟೆ ಒಂದೆರಡು ಗುಟುಕಿಗೆ ನಿಲ್ಲಿಸಿದರೆ ಎರಡೂ ಸರಿಹೋಗುತ್ತದೆ.

ಸಿಗರೇಟು ಟೆನ್ಷನ್ ಇಳಿಸುತ್ತದೆ ಎನ್ನುತ್ತಾರೆ. ಆದರೆ ನಿಕೋಟಿನ್ ಎಚ್ಚರಿಸುವ ವಸ್ತು. ಮದ್ಯ ಕಣ್ಣು ಮುಚ್ಚಿಸುತ್ತದೆ, ನಿಜ. ನಡುರಾತ್ರಿ ಮತ್ತೆ ಮತ್ತೆ ಎಬ್ಬಿಸುತ್ತದೆ, ಗೊರಕೆ ಹೆಚ್ಚಿಸುತ್ತದೆ, ಬೆಳಿಗ್ಗೆ ತಲೆ ಭಾರ ಉಳಿಸುತ್ತದೆ. ನಿದ್ದೆಗೆ ಇವೆರಡೂ ಔಷಧಿಯಲ್ಲ.

ಊರಿನ ಫೋನಿಗೆ ಒಂದು ಹೊತ್ತು

ಗಲ್ಫಿನ ರಾತ್ರಿ ನಿದ್ದೆ ತಡವಾಗಲು ದೊಡ್ಡ ಕಾರಣ ಫೋನು. ಇಲ್ಲಿ ಗಡಿಯಾರದ ವ್ಯತ್ಯಾಸ ನೆನಪಿಡಬೇಕು. ಭಾರತದ ಸಮಯ ಯುಎಇ ಮತ್ತು ಒಮಾನ್‌ಗಿಂತ ಒಂದೂವರೆ ಗಂಟೆ ಮುಂದೆ. ಸೌದಿ, ಕತಾರ್, ಕುವೈತ್, ಬಹ್ರೇನ್‌ಗಿಂತ ಎರಡೂವರೆ ಗಂಟೆ ಮುಂದೆ. ಊರಿನಲ್ಲಿ ಮಕ್ಕಳು ರಾತ್ರಿ 9.30ಕ್ಕೆ ಮಲಗುತ್ತಾರೆ ಎಂದರೆ ದುಬೈಯಲ್ಲಿ ಆಗ 8, ರಿಯಾದ್‌ನಲ್ಲಿ 7. ಇಲ್ಲಿ ಹತ್ತಕ್ಕೆ ಫೋನು ಮಾಡಿದರೆ ಮಕ್ಕಳು ಮಲಗಿರುತ್ತಾರೆ, ಹೆಂಡತಿ ಅರೆನಿದ್ದೆಯಲ್ಲಿರುತ್ತಾರೆ. ಎರಡೂ ಕಡೆ ನಿದ್ದೆ ಹಾಳು. ಸಂಜೆ ಬೇಗ ಒಂದು ಹೊತ್ತು ನಿಗದಿ ಮಾಡಿಕೊಂಡರೆ ಮಕ್ಕಳ ಮುಖವೂ ಕಾಣುತ್ತದೆ, ರಾತ್ರಿಯೂ ಉಳಿಯುತ್ತದೆ.

ಮಾತಿನ ವಿಷಯವನ್ನೂ ಹಂಚಿಕೊಳ್ಳಬಹುದು. ಜಾಗದ ತಕರಾರು, ಸಾಲ, ಅಣ್ಣತಮ್ಮಂದಿರ ಜಗಳ, ಮನೆ ಕಟ್ಟುವ ಬಿಲ್ಲು, ಇವನ್ನೆಲ್ಲ ಮಲಗುವ ಮುಂಚೆ ಎತ್ತಿದರೆ ಫೋನು ಇಟ್ಟ ಮೇಲೂ ಮಾತು ತಲೆಯೊಳಗೆ ನಡೆಯುತ್ತಲೇ ಇರುತ್ತದೆ. ಅಂಥ ಮಾತನ್ನು ರಜೆಯ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳುವುದು ಎರಡೂ ಮನೆಗೆ ಒಳ್ಳೆಯದು. ರಾತ್ರಿ ಫೋನಿನಲ್ಲಿ ಊಟ ಆಯ್ತಾ, ಹೋಂವರ್ಕ್ ಆಯ್ತಾ, ಮಳೆ ಬಂತಾ ಎನ್ನುವಷ್ಟು ಸಾಕು.

ಫೋನು ಇಟ್ಟ ಮೇಲೆ ರೀಲ್ಸ್ ಶುರುವಾಗುತ್ತದೆ. ಹತ್ತು ನಿಮಿಷ ಎಂದು ಹಿಡಿದದ್ದು ಒಂದೂವರೆ ಗಂಟೆ ಆಗಿರುತ್ತದೆ. ಪರದೆಯ ಬೆಳಕಿನ ತೊಂದರೆ ಒಂದಾದರೆ, ಒಂದರ ಹಿಂದೆ ಒಂದು ಬರುವ ನಗು, ಜಗಳ, ಸಾವುನೋವಿನ ಸುದ್ದಿ ಮನಸ್ಸನ್ನು ಕೆಣಕುವುದು ಇನ್ನೊಂದು. ಅರ್ಧ ಗಂಟೆ ಮುಂಚೆ ಮೊಬೈಲ್ ಬಿಡುವುದು ಕಷ್ಟವೆನಿಸಿದರೆ ನೋಡುವುದನ್ನು ನಿಲ್ಲಿಸಿ ಕೇಳುವುದಕ್ಕೆ ಬದಲಿಸಬಹುದು. ಇಯರ್‌ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹಳೆಯ ಚಿತ್ರಗೀತೆ, ಯಕ್ಷಗಾನ, ಭಜನೆ, ಕುರ್‌ಆನ್ ಪಠಣ, ಪ್ರಾರ್ಥನೆ, ಯಾರಿಗೆ ಯಾವುದು ಹಿತವೋ ಅದು. ಅರ್ಧ ಗಂಟೆಗೆ ತಾನೇ ನಿಲ್ಲುವ ಹಾಗೆ ಟೈಮರ್ ಇಟ್ಟು, ಮೊಬೈಲ್ ದೂರ ಇಡಬೇಕು. ದಿಂಬಿನ ಕೆಳಗೆ ಮೊಬೈಲ್ ಚಾರ್ಜ್ ಮಾಡುವುದಂತೂ ಬೇಡವೇ ಬೇಡ, ಅದು ಬೆಂಕಿಗೆ ದಾರಿ.

ಹಂಚಿಕೊಂಡ ರೂಮಿನಲ್ಲಿ

ನಿದ್ದೆಯ ಬಗ್ಗೆ ಬರುವ ಹೆಚ್ಚಿನ ಸಲಹೆಗಳು ಸ್ವಂತ ಕೋಣೆ ಇರುವವರಿಗೆ ಬರೆದಂಥವು. ಬಂಕ್ ಬೆಡ್‌ನಲ್ಲಿ ಇರುವವರು ಮೊದಲು ಮಾಡಬೇಕಾದ್ದು ರೂಮಿನವರ ಜೊತೆ ಮಾತು. ಎಲ್ಲರೂ ಒಟ್ಟಿಗೆ ಇರುವ ರಜೆಯ ದಿನ ಚಹಾ ಕುಡಿಯುತ್ತಾ ನಾಲ್ಕು ವಿಷಯ ತೀರ್ಮಾನ ಮಾಡಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ: ದೊಡ್ಡ ಲೈಟ್ ಎಷ್ಟು ಹೊತ್ತಿಗೆ ಆಫ್, ಆಮೇಲೆ ಫೋನಿನ ಮಾತು ಎಲ್ಲಿ, ಏಸಿ ಎಷ್ಟಕ್ಕೆ, ಬೇಗ ಏಳುವವರ ಅಲಾರಂ ಹೇಗೆ. 'ಅಣ್ಣಾ, ನಂಗೆ ನಾಲ್ಕಕ್ಕೆ ಡ್ಯೂಟಿ, ಸ್ವಲ್ಪ ಆಚೆ ಹೋಗಿ ಮಾತಾಡ್ತೀರಾ' ಎಂದು ಹಗಲಲ್ಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಸಿಟ್ಟಿನಲ್ಲಿ ಹೇಳಿದರೆ ಜಗಳ. ಮಲಯಾಳಿ, ಬಂಗಾಳಿ, ಪಾಕಿಸ್ತಾನಿ, ನೇಪಾಳಿ ಸಂಗಡಿಗರಿದ್ದರೂ 'ಭಾಯ್' ಎಂದು ಶುರು ಮಾಡಿದ ಮಾತು ನಡೆಯುತ್ತದೆ.

ಕಣ್ಣಿಗೆ ಬಟ್ಟೆಯ ಪಟ್ಟಿ, ಕಿವಿಗೆ ಮೆತ್ತನೆಯ ಇಯರ್‌ಪ್ಲಗ್, ಇವೆರಡೂ ಕೆಲವೇ ದಿರ್ಹಂ ಅಥವಾ ರಿಯಾಲಿಗೆ ಸಿಗುತ್ತವೆ. ಅಲಾರಂ ಕೇಳಿಸದೆ ಹೋಗುತ್ತೆ ಎಂಬ ಹೆದರಿಕೆ ಇದ್ದರೆ ಕೈಯಲ್ಲಿ ನಡುಗುವ ವಾಚ್ ಕಟ್ಟಿಕೊಳ್ಳಬಹುದು. ಇದರಿಂದ ಉಳಿದ ಐವರೂ ಏಳಬೇಕಾಗಿಲ್ಲ. ಬಂಕಿಗೆ ಪರದೆ ಕಟ್ಟುವ ಮುಂಚೆ ಕ್ಯಾಂಪಿನ ನಿಯಮ ಕೇಳಿಕೊಳ್ಳಬೇಕು.

ಏಸಿ 18ಕ್ಕೆ ಇಟ್ಟು ಎರಡು ಕಂಬಳಿ ಹೊದೆಯುವ ಬದಲು 22ರಿಂದ 24ರಲ್ಲಿ ಇಟ್ಟು ತೆಳು ಹೊದಿಕೆ ಸಾಕು. ಗಾಳಿ ನೇರ ಮುಖಕ್ಕೆ ಬಡಿದರೆ ಗಂಟಲು ಒಣಗುತ್ತದೆ. ಆ ಬೆಡ್‌ನವರು ತಲೆದಿಕ್ಕು ಬದಲಿಸಿಕೊಳ್ಳಬಹುದು. ಫಿಲ್ಟರ್ ತೊಳೆಯದ ಏಸಿ ಕೆಮ್ಮು, ಮೂಗು ಕಟ್ಟುವುದನ್ನು ಹೆಚ್ಚಿಸುತ್ತದೆ.

ಬೆಡ್‌ಸ್ಪೇಸಿನ ದೊಡ್ಡ ಶತ್ರು ತಿಗಣೆ. ಹಾಸಿಗೆ ಬಟ್ಟೆಯನ್ನು ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಮಂಚದ ಸಂದು ಶುಚಿ ಮಾಡುವುದು ಮೊದಲ ಹೆಜ್ಜೆ. ಅಷ್ಟಕ್ಕೆ ಹೋಗದಿದ್ದರೆ ಕಂಪೆನಿಗೆ ಅಥವಾ ಕಟ್ಟಡದ ವಾಚ್‌ಮ್ಯಾನ್‌ಗೆ ಹೇಳಿ ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಸಬೇಕು. ಕದ್ದು ಮಾರುವ ಗುಳಿಗೆ ತಂದು ಇಡುವುದು ಪ್ರಾಣಕ್ಕೆ ಅಪಾಯ. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಅದು ಪಕ್ಕದ ಫ್ಲ್ಯಾಟಿಗೂ ನುಗ್ಗುತ್ತದೆ. ಯುಎಇಯಲ್ಲಿ ಇದರಿಂದ ಮಕ್ಕಳೂ ಸೇರಿ ಜನ ಸತ್ತಿದ್ದಾರೆ, ಮನೆಗಳಲ್ಲಿ ಇದರ ಬಳಕೆ ನಿಷಿದ್ಧ.

ಚಳಿಗಾಲದಲ್ಲಿ ಇನ್ನೊಂದು ಅಪಾಯ ಇದೆ. ಮರುಭೂಮಿಯ ಕ್ಯಾಂಪ್, ತೋಟದ ಮನೆ, ವಾಚ್‌ಮ್ಯಾನ್ ರೂಮಿನಲ್ಲಿ ಚಳಿಗೆ ಇದ್ದಿಲ ಕೆಂಡ ಇಟ್ಟು ಬಾಗಿಲು ಮುಚ್ಚಿ ಮಲಗಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮುಚ್ಚಿದ ಪಾರ್ಕಿಂಗ್‌ನಲ್ಲಿ ಗಾಡಿಯ ಇಂಜಿನ್, ಏಸಿ ಚಾಲು ಇಟ್ಟು ನಿದ್ದೆ ಮಾಡುವ ಡ್ರೈವರ್‌ಗಳಿಗೂ ಇದೇ ಎಚ್ಚರಿಕೆ.

ಶಿಫ್ಟ್, ಬ್ರೇಕ್ ಡ್ಯೂಟಿ, ರಂಜಾನ್

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವ ಸೆಕ್ಯುರಿಟಿ, ನರ್ಸ್, ಏರ್‌ಪೋರ್ಟ್ ಸಿಬ್ಬಂದಿಗೆ ಬೆಳಕೇ ಅಡ್ಡಿ. ಬಸ್ಸಿನಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಕಣ್ಣಿಗೆ ಬೀಳುವ ಬಿಸಿಲು ತಗ್ಗುತ್ತದೆ. ತಾವೇ ಗಾಡಿ ಓಡಿಸಿಕೊಂಡು ಬರುವವರು, ತೂಕಡಿಕೆ ಇದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ತೂಕಡಿಕೆಗೆ ಮದ್ದಲ್ಲ. ಚಹಾ ಪಾಳಿಯ ಮೊದಲ ಅರ್ಧದಲ್ಲೇ ಮುಗಿಯಲಿ. ರೂಮಿಗೆ ಬಂದು ಹಗುರ ತಿಂಡಿ, ಸ್ನಾನ, ದಪ್ಪ ಕರ್ಟನ್, ಕಣ್ಣುಪಟ್ಟಿ. ಬ್ಯಾಂಕ್, ಟೈಪಿಂಗ್ ಸೆಂಟರ್ ಕೆಲಸಗಳನ್ನು ನಿದ್ದೆಯ ಮುಂಚೆ ಇಟ್ಟುಕೊಂಡರೆ ನಿದ್ದೆ ಹೋಯ್ತು ಎಂದೇ ಲೆಕ್ಕ. ಎದ್ದ ಮೇಲೆ ಮಾಡುವುದು ಒಳ್ಳೆಯದು.

ಸಲೂನ್, ಸೂಪರ್‌ಮಾರ್ಕೆಟ್, ಟೈಲರಿಂಗ್ ಅಂಗಡಿಗಳಲ್ಲಿ ಬ್ರೇಕ್ ಡ್ಯೂಟಿ ಇರುತ್ತದೆ. ಬೆಳಿಗ್ಗೆ ಒಂದಷ್ಟು, ಮಧ್ಯಾಹ್ನ ಬಿಡುವು, ಮತ್ತೆ ಸಂಜೆಯಿಂದ ರಾತ್ರಿ. ಇವರಿಗೆ ಮಧ್ಯಾಹ್ನದ ನಿದ್ದೆ ಉಪಯೋಗಕ್ಕೆ ಬರುತ್ತದೆ. ಅರಬ್ ನಾಡುಗಳಲ್ಲಿ ಕೈಲೂಲ ಎಂದು ಕರೆಯುವ ಈ ಮಧ್ಯಾಹ್ನದ ಮಂಪರು ಇಲ್ಲಿನ ಹವೆಗೆ ಹೊಂದಿಕೊಂಡೇ ಬೆಳೆದ ರೂಢಿ. ರಾತ್ರಿ 7 ಗಂಟೆ ಸಿಗುವವರಿಗೆ ಮಧ್ಯಾಹ್ನ 20ರಿಂದ 30 ನಿಮಿಷ ಸಾಕು, ಸಂಜೆ ನಾಲ್ಕರ ಮೇಲೆ ಬೇಡ. ರಾತ್ರಿ ಐದೇ ಗಂಟೆ ಸಿಗುವ ಬ್ರೇಕ್ ಡ್ಯೂಟಿಯವರು ಒಂದೂವರೆ ಗಂಟೆಯಷ್ಟು ಮಲಗಿ ಉಳಿದದ್ದನ್ನು ತುಂಬಿಕೊಳ್ಳಬಹುದು.

ಬೇಸಿಗೆಯಲ್ಲಿ ಹೊರಗಿನ ಬಿಸಿಲಿನ ಕೆಲಸಕ್ಕೆ ಮಧ್ಯಾಹ್ನ ಕಾನೂನಿನ ತಡೆ ಇದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3, ಸೌದಿಯಲ್ಲಿ ಅದೇ ಅವಧಿಗೆ 12ರಿಂದ 3. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4, ಒಮಾನ್‌ನಲ್ಲಿ ಅದೇ ಮೂರು ತಿಂಗಳು 12.30ರಿಂದ 3.30. ಈ ಹೊತ್ತಿನಲ್ಲಿ ಮೊಬೈಲ್ ನೋಡುತ್ತಾ ಕೂರುವ ಬದಲು ನೆರಳಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಸಂಜೆಯ ಕೆಲಸ ಹಗುರ.

ಜೂನ್‌ನಲ್ಲಿ ದುಬೈಯಲ್ಲಿ ಇಶಾ ರಾತ್ರಿ ಎಂಟೂವರೆ ದಾಟಿದ ಮೇಲೆ, ಫಜ್ರ್ ಬೆಳಗಿನ ಜಾವ 4ರ ಸುಮಾರಿಗೆ. ನಮಾಜ್ ಮುಗಿಸಿ ಒಂಬತ್ತಕ್ಕೆ ಮಲಗಿದವರಿಗೆ ಏಳು ಗಂಟೆ ಸಿಗುತ್ತದೆ. ಇಶಾ ನಂತರ ಹರಟೆಗೆ ಕೂರದೆ ಮಲಗಬೇಕು ಎಂಬ ಹಿಂದಿನವರ ಶಿಸ್ತು ಈ ಲೆಕ್ಕಕ್ಕೂ ಸರಿಹೊಂದುತ್ತದೆ. ರಂಜಾನ್‌ನಲ್ಲಿ ತರಾವೀಹ್, ಸಹರಿ ನಡುವೆ ನಿದ್ದೆ ತುಂಡಾಗುವುದು ಸಹಜ. ಆಗ ಮೂರು ತುಂಡು ಕೂಡಿಸಿ ಲೆಕ್ಕ ಹಾಕಬೇಕು: ತರಾವೀಹ್ ನಂತರ ನಾಲ್ಕು ಗಂಟೆ, ಫಜ್ರ್ ನಂತರ ಎರಡು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ. ಇಫ್ತಾರಿನಲ್ಲಿ ಕರಿದದ್ದು ಕಡಿಮೆ ಮಾಡಿದರೆ ಮೊದಲ ತುಂಡು ಗಟ್ಟಿಯಾಗುತ್ತದೆ.

ವಾರದ ರಜೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಎಚ್ಚರ, ಮರುದಿನ ಹನ್ನೊಂದಕ್ಕೆ ಏಳುವುದು ಬಹಳ ಕಡೆ ನಡೆಯುತ್ತದೆ. ಇದರಿಂದ ಒಳಗಿನ ಗಡಿಯಾರ ಹಿಂದಕ್ಕೆ ಹೋಗಿ, ಕೆಲಸದ ಮೊದಲ ದಿನದ ಹಿಂದಿನ ರಾತ್ರಿ ನಿದ್ದೆಯೇ ಬರುವುದಿಲ್ಲ. ರಜೆಯಲ್ಲೂ ದಿನದ ಹೊತ್ತಿಗಿಂತ ಒಂದು ಗಂಟೆ ಹೆಚ್ಚು ಮಲಗಿ ಎದ್ದು, ಬೇಕಿದ್ದರೆ ಮಧ್ಯಾಹ್ನ ಸ್ವಲ್ಪ ಮಲಗುವುದು ಮೇಲು.

ಮನಸ್ಸು ಸುಮ್ಮನಾಗದಿದ್ದರೆ

ಚಿಂತೆ ಬಿಡಿ ಎಂದು ಹೇಳುವುದು ಸುಲಭ. ಕಂತು ಕಟ್ಟಬೇಕಾದವರಿಗೆ ಚಿಂತೆ ಬಿಡಲಾಗದು. ಆದರೆ ಅದನ್ನು ಹಾಸಿಗೆಯಿಂದ ಆಚೆಗೆ ಸರಿಸಬಹುದು. ಸಂಜೆ ಐದು ನಿಮಿಷ ಒಂದು ಚೀಟಿಯಲ್ಲಿ ನಾಳೆ ಮಾಡಬೇಕಾದ್ದನ್ನು ಬರೆದಿಡುವುದು ಒಂದು ದಾರಿ. 'ತಾರೀಕು 5ಕ್ಕೆ ಹಣ ಕಳಿಸಬೇಕು, ಪಿಆರ್‌ಓ ಹತ್ತಿರ ಪಾಸ್‌ಪೋರ್ಟ್ ಕೇಳಬೇಕು, ಅಮ್ಮನ ಮಾತ್ರೆ ತಮ್ಮನಿಗೆ ನೆನಪಿಸಬೇಕು' ಎಂದು ಹೀಗೆ ಬಿಡಿಬಿಡಿಯಾಗಿ. ಮಲಗುವ ಮುಂಚೆ ಹೀಗೆ ಪಟ್ಟಿ ಬರೆದವರು ಬೇಗ ನಿದ್ದೆಹೋದರೆಂದು ಪ್ರಯೋಗದಲ್ಲಿ ಕಂಡಿದೆ. ಚೀಟಿಗೆ ಇಳಿದ ಕೆಲಸವನ್ನು ತಲೆ ಮತ್ತೆ ಮತ್ತೆ ಎಣಿಸಬೇಕಾಗಿಲ್ಲ.

ಹಾಸಿಗೆಯಲ್ಲಿ ಮಾಡಬಹುದಾದ್ದು ಉಸಿರಿನ ಅಭ್ಯಾಸ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಕ್ಕೆ, ಹೀಗೆ ಐದು ನಿಮಿಷ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ. ಮೈಕೈ ನೋವಿನ ಕೆಲಸ ಮಾಡುವವರಿಗೆ ಇನ್ನೊಂದು ಒಳ್ಳೆಯದು. ಪಾದದಿಂದ ಶುರುಮಾಡಿ ಒಂದೊಂದೇ ಭಾಗದ ಸ್ನಾಯುವನ್ನು ಐದು ಸೆಕೆಂಡು ಬಿಗಿ ಹಿಡಿದು ಸಡಿಲ ಬಿಡುತ್ತಾ ಹಣೆಯವರೆಗೆ ಬರುವುದು. ಯೋಗದ ಶವಾಸನ ಬಲ್ಲವರಿಗೆ ಇದು ಹೊಸದೇನಲ್ಲ.

ಇಪ್ಪತ್ತು ನಿಮಿಷವಾದರೂ ನಿದ್ದೆ ಬರ್ತಾ ಇಲ್ಲ ಅನಿಸಿದರೆ ಹೊರಳಾಡುತ್ತಾ ಇರುವುದಕ್ಕಿಂತ ಎದ್ದು ಮಂದ ಬೆಳಕಲ್ಲಿ ಕುರ್ಚಿಯಲ್ಲೋ ಕಾರಿಡಾರಿನಲ್ಲೋ ಸುಮ್ಮನೆ ಕೂತು, ಕಣ್ಣು ಎಳೆದಾಗ ಮರಳುವುದು ಉತ್ತಮ. ಹಾಸಿಗೆ ಅಂದರೆ ನಿದ್ದೆ ಎಂಬ ನಂಟು ಇದರಿಂದ ಉಳಿಯುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ತೆಗೆಯಬಾರದು, ಗಂಟೆ ಎಷ್ಟಾಯ್ತು ಎಂದು ಪದೇ ಪದೇ ನೋಡಬಾರದು.

ನಿದ್ದೆ ಮಾತ್ರೆ: ಆರೋಗ್ಯದ ಜೊತೆ ಕಾನೂನಿನ ವಿಷಯ

ಊರಿನಲ್ಲಿ ಪರಿಚಯದ ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆಯನ್ನು ಬ್ಯಾಗಿಗೆ ಹಾಕಿಕೊಂಡು ಬರುವುದು ಗಲ್ಫಿನಲ್ಲಿ ಜೈಲಿಗೆ ದಾರಿಯಾಗಬಹುದು. ಅಲ್ಪ್ರಜೋಲಮ್, ಕ್ಲೋನಜೆಪಾಮ್, ಡಯಜೆಪಾಮ್ ಮುಂತಾದ ಮಾತ್ರೆಗಳು, ನೋವಿನ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇಲ್ಲಿ ನಿಯಂತ್ರಿತ ಔಷಧಿಗಳು. ಯುಎಇಗೆ ಇಂಥವನ್ನು ತರುವವರು ಪ್ರಯಾಣದ ಮುಂಚೆಯೇ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು, ಜೊತೆಗೆ ವೈದ್ಯರ ಚೀಟಿ ಇರಬೇಕು. ಬೇರೆಯವರು 'ಸ್ವಲ್ಪ ಮಾತ್ರೆ ಇದೆ, ಫ್ರೆಂಡಿಗೆ ಕೊಡಿ' ಎಂದು ಕೊಟ್ಟ ಪೊಟ್ಟಣ ಬಿಚ್ಚಿ ನೋಡದೆ ತರಲೇಬಾರದು. ರೂಮಿನವರ ಮಾತ್ರೆಯನ್ನು ಹಂಚಿಕೊಳ್ಳುವುದೂ ಬೇಡ.

ಅಲರ್ಜಿ, ಶೀತದ ಕೆಲವು ಮಾತ್ರೆ ತಿಂದರೆ ನಿದ್ದೆ ಬರುತ್ತದೆ ಎಂದು ದಿನಾ ನುಂಗುವವರಿದ್ದಾರೆ. ಅದರ ಮಂಪರು ಮರುದಿನ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದಾಗಲೂ ಉಳಿದಿರುತ್ತದೆ. ಮಾತ್ರೆ ಬೇಕೋ ಬೇಡವೋ ಎಂದು ಇಲ್ಲಿನ ವೈದ್ಯರೇ ಹೇಳಬೇಕು. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರು ಮೊದಲು ಸೂಚಿಸುವುದೂ ಮಾತ್ರೆಯಲ್ಲ, ಮಲಗುವ ರೂಢಿ ಮತ್ತು ಯೋಚನೆಯ ದಾರಿಯನ್ನು ಬದಲಿಸುವ ಚಿಕಿತ್ಸೆ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದಿದ್ದರೆ ಅದು ಚಿಕಿತ್ಸೆ ಬೇಕಾದ ಸಮಸ್ಯೆ. ಜೋರು ಗೊರಕೆ, ಗೊರಕೆಯ ನಡುವೆ ಉಸಿರು ನಿಂತು ಗಕ್ಕನೆ ಎದ್ದಂತಾಗುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ, ಬೆಳಿಗ್ಗೆ ತಲೆನೋವು ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದವರಿಗೆ ಇದು ಗೊತ್ತಾಗುವುದಿಲ್ಲ, ಪಕ್ಕದ ಬೆಡ್‌ನವರಿಗೆ ಗೊತ್ತಾಗುತ್ತದೆ. ಅಂಥ ಸಂಗಡಿಗರನ್ನು ಗೇಲಿ ಮಾಡದೆ, 'ಭಾಯ್, ನಿಮ್ಮ ಉಸಿರು ನಿಲ್ತಾ ಇತ್ತು' ಎಂದು ಹೇಳುವುದು ಉಪಕಾರ. ಡ್ರೈವರ್‌ಗಳಿಗಂತೂ ಇದು ಜೀವದ ಪ್ರಶ್ನೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ನಿದ್ದೆ ಹೋದದ್ದರ ಜೊತೆಗೆ ಊಟ ಸೇರದಿರುವುದು, ಯಾರ ಜೊತೆಯೂ ಮಾತು ಬೇಡವೆನಿಸುವುದು, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ ಅಂದೇ ಯಾರಿಗಾದರೂ ಹೇಳಬೇಕು. ಯುಎಇಯಲ್ಲಿ ಭಾರತೀಯರಿಗಾಗಿ ಇರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342, ದಿನದ 24 ಗಂಟೆಯೂ ಇದೆ. ಉಳಿದ ದೇಶಗಳಲ್ಲಿ ಭಾರತೀಯ ದೂತಾವಾಸವನ್ನು ಸಂಪರ್ಕಿಸಬಹುದು. ಸಂಬಳ ಬಾರದಿರುವುದು, ಪಾಸ್‌ಪೋರ್ಟ್ ಹಿಡಿದಿಟ್ಟಿರುವುದು ನಿದ್ದೆಗೆಡಿಸುತ್ತಿದ್ದರೆ ಅದಕ್ಕೆ ಉಸಿರಿನ ಅಭ್ಯಾಸ ಸಾಲದು, ದೂರು ಕೊಡುವುದೇ ಮದ್ದು.

ಊರಿನ ಮನೆಯವರಿಗೆ

ಗಲ್ಫಿನಲ್ಲಿರುವವರ ನಿದ್ದೆಯ ಒಂದು ಭಾಗ ಊರಿನವರ ಕೈಯಲ್ಲಿದೆ. ಅವರ ಡ್ಯೂಟಿ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ನಡುನಿದ್ದೆಯಲ್ಲಿ ಮಿಸ್ಡ್ ಕಾಲ್ ಹೋಗುವುದಿಲ್ಲ. ಬೆಳಿಗ್ಗೆ ಏಳರ ಗುಡ್ ಮಾರ್ನಿಂಗ್ ಮೆಸೇಜ್ ಅಲ್ಲಿ ತಲುಪುವುದು ನಾಲ್ಕೂವರೆಗೋ ಐದೂವರೆಗೋ. ತುರ್ತು ಇದ್ದರೆ ಕಾಲ್, ಇಲ್ಲದಿದ್ದರೆ ವಾಯ್ಸ್ ಮೆಸೇಜ್ ಎಂಬ ಒಪ್ಪಂದ ಸಾಕು. ಒಂಟಿಯಾಗಿ ಮನೆ ನಡೆಸುವ ಹೆಂಡತಿ, ಮಗನ ದಾರಿ ಕಾಯುವ ತಾಯಿಗೂ ನಿದ್ದೆ ಕೆಡುತ್ತದೆ. ಭಾರತದೊಳಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಇಷ್ಟೆಲ್ಲವನ್ನು ಒಂದೇ ದಿನ ಶುರು ಮಾಡಲು ಹೋದರೆ ಮೂರನೇ ದಿನಕ್ಕೆ ಬಿಟ್ಟುಹೋಗುತ್ತದೆ. ಮೊದಲ ವಾರ ಏಳುವ ಹೊತ್ತು ಒಂದೇ ಇರಲಿ, ಸಂಜೆಯ ಚಹಾ ನಿಲ್ಲಲಿ. ಎರಡನೇ ವಾರ ಫೋನಿನ ಹೊತ್ತು ಬೇಗ ಆಗಲಿ. ಮೂರನೇ ವಾರ ರೂಮಿನವರ ಜೊತೆ ಲೈಟಿನ ಮಾತು ಆಗಲಿ. ಸಂಬಳದಿಂದ ಊರಿಗೆ ಕಳಿಸುವ ದುಡ್ಡಿನ ಲೆಕ್ಕವನ್ನು ಪ್ರತಿ ತಿಂಗಳು ಇಡುವವರು, ಆ ದುಡ್ಡು ದುಡಿಯುವ ಮೈಗೆ ಸಿಕ್ಕ ನಿದ್ದೆಯ ಲೆಕ್ಕವನ್ನೂ ವಾರಕ್ಕೊಮ್ಮೆ ನೋಡಿಕೊಳ್ಳಬೇಕು.